ಬಂಕಿನಲ್ಲಿ ಕೊಟ್ಟ ಲಗ್ನಪತ್ರಿಕೆ

ಹುಣಸೂರಿನ ಪೆಟ್ರೋಲ್ ಬಂಕಿನ ಸಾಲಿನಲ್ಲಿ ನನ್ನ ಮುಂದೆ ಎರಡು ಬೈಕುಗಳಿದ್ದವು. ಹಿಂದಿನ ಬೈಕಿನವರು ಮುಂದಿನವರ ಹೆಗಲು ತಟ್ಟಿ, ಅರಿಶಿನ ಹಚ್ಚಿದ ಲಗ್ನಪತ್ರಿಕೆಯೊಂದನ್ನು ಚಾಚಿದರು.

“ಬಾವ, ಮಗಳ ಮದ್ವೆ. ಅಕ್ಕನ್ನ ಕರ್ಕೊಂಡು ಬನ್ನಿ.”

“ಏನ್ಲಾ ಕಾಂತರಾಜು, ಒಡಹುಟ್ಟಿದೋಳ್ನ ಬಂಕಲ್ಲಿ ಕರೀತಾರಾ? ಮನೇಗ್ ಬಂದು ಕುಂಕುಮ ಇಟ್ಟು ಕರೀಬೇಕು ಕಣ್ಲಾ.”

“ಪಿರಿಯಾಪಟ್ಣದಿಂದ ನಿಮ್ಮೂರು ಎಚ್.ಡಿ. ಕೋಟೆಗೆ ಬಂದೋಗಕ್ಕೆ ಇನ್ನೂರೈವತ್ತು ರೂಪಾಯಿ ಪೆಟ್ರೋಲು ಬೇಕು, ಬಾವ. ಇನ್ನೂ ಅರವತ್ತು ಮನೆ ಅವೆ.”

“ಅದ್ಕೆ ಪದ್ಧತಿ ಬುಟ್ಬುಡದಾ?”

“ಕುಂಕುಮ ಜೇಬಲ್ಲೇ ಅದೆ. ಇಲ್ಲೇ ಇಡ್ಲಾ?”

ಭಾವ ಅತ್ತಿತ್ತ ನೋಡಿದರು. ಆಮೇಲೆ ತಮ್ಮ ಚೀಲಕ್ಕೆ ಕೈಹಾಕಿ ಇನ್ನೊಂದು ಪತ್ರಿಕೆ ತೆಗೆದರು.

“ಹೆಂಗೂ ಸಿಕ್ಕಿದ್ದೀಯ. ತಕೋ, ನಮ್ ಹೊಸಮನೆ ಗೃಹಪ್ರವೇಶ.”

“ಅಕ್ಕ ಕೇಳುದ್ರೆ?”

“ನೀನು ಹೊಲಕ್ಕೋಗಿದ್ದಾಗ ನಿನ್ ತಮ್ಮ ಮನೇಗ್ ಬಂದಿದ್ದ ಅಂತೀನಿ.”

“ಕಾಫಿ ಕೊಟ್ರಾ ಅಂತಾಳೆ.”

“ನಾನೇ ಕಾಯ್ಸಿ ಕೊಟ್ಟೆ ಅಂತೀನಿ.”

“ಅದ್ನ ನಂಬಾಕಿಲ್ಲ, ಬಾವ.”

“ಅಂಗಾರೆ ಹಾಲು ದುಬಾರಿ ಅಂತ ಬರೀ ನೀರು ಕೊಟ್ಟು ಕಳಿಸ್ದೆ ಅಂತೀನಿ.”

“ಅದ್ನ ನಂಬ್ತಾಳೆ ಬುಡಿ.”

ಇಬ್ಬರೂ ತಲಾ ನೂರು ರೂಪಾಯಿಗೆ ಪೆಟ್ರೋಲ್ ಹಾಕಿಸಿಕೊಂಡು, ಒಬ್ಬರು ಕೋಟೆಯ ಕಡೆಗೆ, ಇನ್ನೊಬ್ಬರು ಪಿರಿಯಾಪಟ್ಟಣದ ಕಡೆಗೆ ಹೊರಟುಹೋದರು.