ಕದಲಿದ ಕಿಡಿಯ ಬಗ್ಗೆ ಹೋಬರ್ಟ್ ಟಿಲ್ಲಿ ಬರೆಸಿದ ಹೇಳಿಕೆ

ಹೆಸರು ಹೋಬರ್ಟ್ ಟಿಲ್ಲಿ, ತಂದೆ ದಿವಂಗತ ಎಮ್ಮೆಟ್ ಟಿಲ್ಲಿ, ವಯಸ್ಸು 47, ಕಸುಬು ಮರದ ಮಿಲ್ಲಿನಲ್ಲಿ ಯಂತ್ರ ರಿಪೇರಿ, ಬಿಡುವಿನಲ್ಲಿ ರೇಸ್ ಕಾರಿನ ಇಂಜಿನ್ ಟ್ಯೂನಿಂಗ್ (ಯಾವುದು ಕಸುಬು, ಯಾವುದು ಬಿಡುವು ಎಂಬುದರಲ್ಲಿ ನನ್ನ ಹೆಂಡತಿಗೆ ಭಿನ್ನಾಭಿಪ್ರಾಯವಿದೆ), ವಾಸ ಬ್ರಷಿ ಫೋರ್ಕ್ ರಸ್ತೆ, ಉತ್ತರ ಕ್ಯಾರೊಲೈನಾ. ಷೆರೀಫ್ ಕಚೇರಿಯ ಡೆಪ್ಯುಟಿ ವೇಡ್ ಪ್ರೂಯಿಟ್‌ರವರು ನನ್ನ ಷೆಡ್ಡಿಗೇ ಬಂದು ವಿಚಾರಿಸಲಾಗಿ, ಯಾರ ಒತ್ತಾಯವೂ ಇಲ್ಲದೆ ನಾನು ಬರೆಸುತ್ತಿರುವ ಸಂಗತಿ ಏನೆಂದರೆ:

ಷೆಡ್ಡಿನಲ್ಲಿರುವ ಕಾರು ನನ್ನದು. ಅದನ್ನು ಓಡಿಸುವವನು ನನ್ನ ತಂಗಿ ಆರ್ಲೀನಳ ಗಂಡ ಡಾರೆಲ್ ಕಾಕರ್‌ಹ್ಯಾಮ್. ಇಂಜಿನ್ ನನ್ನದು, ಬಲಗಾಲು ಅವನದು ಎಂಬ ಒಪ್ಪಂದದ ಮೇಲೆ ಒಂಬತ್ತು ವರ್ಷದಿಂದ ಓಡುತ್ತಿದ್ದೇವೆ. ನಾಳೆ ಶನಿವಾರ ಮಣ್ಣಿನ ಟ್ರ್ಯಾಕಿನಲ್ಲಿ ವರ್ಷದ ಕೊನೆಯ ರೇಸ್. ಗೆದ್ದರೆ ಕೌಂಟಿಯ ಕಪ್ ಮೊದಲ ಸಲ ನಮ್ಮದು.

ಸೋಮವಾರ ಸಂಜೆ ಇಂಜಿನ್ನಿನ ಟೈಮಿಂಗನ್ನು ಮೂವತ್ತಾರು ಡಿಗ್ರಿಗೆ ನಿಲ್ಲಿಸಿದೆನು. ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಅಷ್ಟು ಮುಂಚೆ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಬೇಗ ಹಾರಿದರೆ ಪಿಸ್ಟನ್ ತೂತಾಗುತ್ತದೆ. ತಡವಾದರೆ ಇಂಜಿನ್ ಕಾದು ಕೆಂಡವಾಗಿ, ಮುದಿ ಹೇಸರಗತ್ತೆಯ ಹಾಗೆ ನಡೆಯುತ್ತದೆ. ನಿಲ್ಲಿಸಿದ ಮೇಲೆ, ತಿರುಗಿಸಿದರೆ ಕಿಡಿಯ ಹೊತ್ತು ಬದಲಾಗುವ ಡಿಸ್ಟ್ರಿಬ್ಯೂಟರಿನ ಬೋಲ್ಟನ್ನು ನನ್ನ ಕೈಯಾರೆ ಬಿಗಿ ಮಾಡಿ, ಹೊಲದ ದಾರಿಯಲ್ಲಿ ಜೋರಾಗಿ ಓಡಿಸಿ ತಂದೆನು.

ಮಂಗಳವಾರ, ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಿಡಿದು ನೋಡಲಾಗಿ ಇಂಜಿನ್ನಿನ ಮೂತಿಯಲ್ಲಿ ತಿರುಗುವ ಚಕ್ರದ ಗುರುತು ನಲವತ್ತು ತೋರಿಸಿತು, ಅಂದರೆ ಕಿಡಿ ನಾಲ್ಕು ಡಿಗ್ರಿ ಬೇಗ. ಡಿಸ್ಟ್ರಿಬ್ಯೂಟರಿಗೆ ಕಾಲಿಲ್ಲ. ಓಡಿಸುವವರಿಗೆ ಕಿಡಿ ಎಷ್ಟು ಬೇಗ ಕೊಟ್ಟರೂ ಸಾಲದು, ಟ್ಯೂನರ್ ಊಟಕ್ಕೆ ಎದ್ದರೆ ಬೋಲ್ಟ್ ಸಡಿಲಿಸಿ ಒಂದು ಚೂರು ತಿರುಗಿಸುವುದು ಅವರ ಜಾತಿಧರ್ಮ ಎಂದು ಈ ಕೌಂಟಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಡಾರೆಲ್‌ನನ್ನು ಕೇಳಿದೆನು. ಮುಟ್ಟೇ ಇಲ್ಲವೆಂದನು. ಮುಟ್ಟಿದವರೆಲ್ಲ ಹಾಗೇ ಹೇಳುವುದರಿಂದ ನನ್ನ ಅನುಮಾನ ಬಲವಾಯಿತು. ಇಂಜಿನ್ನಿನ ಮೇಲೆ ಉಪ್ಪು ಹಚ್ಚಿದ ಒಂದು ಕಡಲೆಕಾಯಿ ಬೀಜವೂ ಸಿಕ್ಕಿತು. ಡಾರೆಲ್ ಕೋಲಾ ಬಾಟಲಿಯೊಳಗೆ ಬೀಜ ಸುರಿದುಕೊಂಡು ಕುಡಿಯುವವನು. (ನನ್ನ ಕೈಯಲ್ಲಿರುವ ಬಾಟಲಿಯಲ್ಲಿಯೂ ಬೀಜ ತೇಲುತ್ತಿದೆಯಲ್ಲ ಎಂದು ಡೆಪ್ಯುಟಿಯವರು ಈಗ ತೋರಿಸಿದರು. ಅದು ಬೇರೆ ವಿಷಯ.)

ಟೈಮಿಂಗನ್ನು ವಾಪಸ್ ಮೂವತ್ತಾರಕ್ಕೆ ತಂದು, ಬೋಲ್ಟಿನ ಮೇಲೆ ತಂಗಿಯಿಂದ ಕೇಳಿ ತಂದ ಕೆಂಪು ಉಗುರುಬಣ್ಣ ಬಳಿದು ಸೀಲು ಮಾಡಿದೆನು. ಹೊಲದ ದಾರಿಯಲ್ಲಿ ಒಂದು ಸುತ್ತು ಜೋರಾಗಿ ಓಡಿಸಿ ತಂದು ನಿಲ್ಲಿಸಿದೆನು. ಬುಧವಾರ ಬೆಳಿಗ್ಗೆ ನೋಡಿದರೆ ಗುರುತು ಮತ್ತೆ ನಲವತ್ತು. ಸೀಲು ಮಾತ್ರ ಒಂದು ಬಿರುಕೂ ಇಲ್ಲದೆ ಇತ್ತು. ಸೀಲು ಒಡೆದು ಅದೇ ಬಣ್ಣ ಮತ್ತೆ ಬಳಿಯುವ ಅನುಕೂಲವಿರುವ ಮನೆ ಈ ಪ್ರಾಂತ್ಯದಲ್ಲಿ ಒಂದೇ, ಅದು ಡಾರೆಲ್‌ನದು. ಒಡಹುಟ್ಟಿದವಳೂ ಶಾಮೀಲು ಎಂದು ತಿಳಿದು ನನಗೆ ಆದ ಸಂಕಟವನ್ನು ಬರೆದುಕೊಳ್ಳಬೇಕೆಂದು ಕೋರಿದೆನು. ಅದಕ್ಕೆ ಜಾಗವಿಲ್ಲವೆಂದು ಡೆಪ್ಯುಟಿಯವರು ತಿಳಿಸಿದರು. ಮತ್ತೆ ಮೂವತ್ತಾರಕ್ಕೆ ಇಳಿಸಿದೆನು.

ಅದೇ ಸಂಜೆ ಚರ್ಚಿನ ಬುಧವಾರದ ಊಟದ ಸಾಲಿನಲ್ಲಿ, ಕೋಳಿ ಬಡಿಸುತ್ತಿರುವಾಗ, ಉಗುರುಬಣ್ಣದ ಕಥೆಯನ್ನೂ ಹೇಳಿ ಎಲ್ಲರ ಮುಂದೆ ಡಾರೆಲ್‌ನನ್ನು ಕಳ್ಳನೆಂದು ಕರೆದೆನು. ಅವನು ತಟ್ಟೆ ಕೆಳಗಿಟ್ಟು, “ಭಾವ, ಒಂಬತ್ತು ವರ್ಷ ನೀನು ಕಟ್ಟಿದ ಇಂಜಿನ್ ಮೇಲೆ ಪ್ರಾಣ ಇಟ್ಟು ಕೂತಿದ್ದೀನಿ. ಒಂದಿನಾದ್ರೂ ಬಾನೆಟ್ ಎತ್ತಿ ನೋಡಿದ್ದೀನಾ?” ಎಂದನು. ಸಾಲಿನಲ್ಲಿ ಅವನ ಹಿಂದೆಯೇ ಇದ್ದ ನಮ್ಮ ಎದುರಾಳಿ ವರ್ನನ್ ಷೂಮೇಟ್, “ಹಂಗಾದ್ರೆ ಶನಿವಾರ ನಮ್ಮ ಗಾಡಿ ಓಡಿಸಪ್ಪ, ನಮ್ಮಲ್ಲಿ ಉಗುರುಬಣ್ಣ ಹೆಂಗಸರು ಹಚ್ಕೋತಾರೆ” ಎಂದನು. ಜನ ನಕ್ಕರು. ಪಾದ್ರಿಯವರೂ ನಕ್ಕರು. ಡಾರೆಲ್ ಆಗಲೆಂದು ಷೂಮೇಟನ ಕೈ ಕುಲುಕಿದನು.

ಗುರುವಾರ ಇಂಜಿನ್ ಓಡಿಸಲಾಗಿ ಹೊಗೆಕೊಳವೆಗಳು ಕೆಂಪಗಾದವು, ಶಕ್ತಿ ಇಲ್ಲ. ಪೆಟ್ರೋಲ್ ಕಮ್ಮಿಯಾಗಲೆಂದು ಡಾರೆಲ್ ಕಾರ್ಬ್ಯುರೇಟರಿನ ಜೆಟ್ಟುಗಳನ್ನೂ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪುಗಳು) ಬದಲಿಸಿರಬೇಕೆಂದು ಬಿಚ್ಚಿ ನೋಡಿದೆನು. ನಂಬರು ನಾನು ಹಾಕಿದ್ದೇ ಇತ್ತು. ಅದೇ ನಂಬರು ಕೆತ್ತಿದ ಬೇರೆ ಜೆಟ್ಟುಗಳಿರಬಹುದೆಂದು ಶಂಕಿಸಿ ದೊಡ್ಡವನ್ನು ಹಾಕಿದೆನು. ಆಮೇಲೆ ಕರೀ ಹೊಗೆಯೂ ಬಂತು. ಕೂಡಲೇ ದೂರು ಕೊಟ್ಟೆನು.

ಇಷ್ಟು ಬರೆದುಕೊಳ್ಳುವ ಹೊತ್ತಿಗೆ ಡೆಪ್ಯುಟಿಯವರು ಹೇಳಿಕಳಿಸಿದ್ದ ಡಾರೆಲ್ ಬಂದನು. ನನ್ನ ಹೇಳಿಕೆಯನ್ನು ಅವನಿಗೆ ಓದಿ ಹೇಳಲಾಯಿತು. ಪೂರ್ತಿ ಕೇಳಿ ಅವನು, “ನನ್ನ ಅನುಮಾನಿಸಿದೆ, ನಿನ್ನ ತಂಗೀನ ಅನುಮಾನಿಸಿದೆ, ಜೆಟ್ಟಿನ ನಂಬರನ್ನೂ ಬಿಡಲಿಲ್ಲ. ಆ ಗುರುತನ್ನ ಅನುಮಾನಿಸಿದ್ಯಾ ಭಾವ?” ಎಂದು ಕೇಳಿದನು. ಗುರುತಿಗೆ ಸುಳ್ಳು ಹೇಳಿ ಏನಾಗಬೇಕೆಂದು ನಾನು ಉತ್ತರಿಸಿದೆನು.

ನಂತರ ಮೂವರೂ ಸೇರಿ ಮೊದಲನೇ ಪ್ಲಗ್ ಬಿಚ್ಚಿ, ಆ ತೂತಿಗೆ ಉದ್ದನೆಯ ಬೋಲ್ಟ್ ಇಳಿಸಿ, ಪಿಸ್ಟನ್ ಅದಕ್ಕೆ ತಾಗುವವರೆಗೆ ಇಂಜಿನ್ನನ್ನು ಕೈಯಿಂದ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಿರುಗಿಸಿ ಚಕ್ರದ ಮೇಲೆ ಎರಡು ಗೆರೆ ಎಳೆದೆವು. ಅವೆರಡರ ನಡುಮಧ್ಯವೇ ಪಿಸ್ಟನ್ ಮೇಲ್ತುದಿ ಮುಟ್ಟುವ ನಿಜವಾದ ಜಾಗ. ಚಕ್ರದ ಗುರುತು ಅಲ್ಲಿರಲಿಲ್ಲ, ಎಂಟು ಡಿಗ್ರಿ ಹಿಂದೆ ಉಳಿದಿತ್ತು. ಚಕ್ರದ ಗುರುತಿರುವ ಹೊರಬಳೆಗೂ ಒಳಗಿನ ನಡುಭಾಗಕ್ಕೂ ನಡುವೆ ಇರುವ ರಬ್ಬರ್ ಸೋತು, ಇಂಜಿನ್ ಜೋರಾಗಿ ಓಡಿದಾಗಲೆಲ್ಲ ಬಳೆ ಜಾರಿದೆ. ಸೋಮವಾರ ಸರಿಯಾಗಿದ್ದ ಟೈಮಿಂಗನ್ನು ಎರಡು ಸಲ ಕೆಡಿಸಿದವನು ನಾನೇ ಎಂದು ಡೆಪ್ಯುಟಿಯವರು ಅಭಿಪ್ರಾಯಪಟ್ಟರು. ಅವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ನಾಳೆ ನಮ್ಮ ಗಾಡಿಯನ್ನೇ ಓಡಿಸೆಂದು ಡಾರೆಲ್‌ನನ್ನು ಕೇಳಿದೆನು. ಷೂಮೇಟನಿಗೆ ಕೈಕೊಟ್ಟು ಮಾತು ಕೊಟ್ಟಾಗಿದೆ, ಮುಂದಿನ ವರ್ಷ ನೋಡೋಣವೆಂದನು. ಬಳಿಕ ಕೈ ಚಾಚಿ, “ಸ್ಪ್ಯಾನರ್ ಕೊಡಿಲ್ಲಿ. ಈ ಗಾಡಿ ಹೆಂಗೆ ಎಳೀಬೇಕು ಅಂತ ನನ್ನ ಬೆನ್ನಿಗೆ ಗೊತ್ತು. ಹಳೇ ಜೆಟ್ಟೂ ವಾಪಸ್ ಹಾಕು” ಎಂದನು.

ನಾಳೆ ನಮ್ಮ ವಿರುದ್ಧವೇ ಓಡುವವನು ಡಿಸ್ಟ್ರಿಬ್ಯೂಟರಿಗೆ ಕೈ ಹಾಕಬಯಸುತ್ತಿದ್ದಾನೆ. ನಮಗೆ ಕೇಡು ಮಾಡಲು ಅವನಿಗೆ ಕಾರಣವೊಂದು ಈ ವಾರದಲ್ಲಿ ಮೊದಲ ಸಲ ಹುಟ್ಟಿದ್ದು ಇದೇ ಗಳಿಗೆಯಲ್ಲಿ ಎಂಬುದನ್ನು ಡೆಪ್ಯುಟಿಯವರೂ ಗಮನಿಸಿ ಬರೆಯುವುದನ್ನು ನಿಲ್ಲಿಸಿದರು. ನಾನು ಸ್ಪ್ಯಾನರ್ ಕೊಟ್ಟೆನು. ಜೆಟ್ಟು ಹಾಕಿದೆನು. ಅವನು ಇಂಜಿನ್ ಶುರು ಮಾಡಿಸಿ, ತಲೆ ವಾರೆ ಮಾಡಿಕೊಂಡು ಕೇಳುತ್ತ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ಹಿಂದಕ್ಕೆ ತಂದು, ಮತ್ತೆ ತಿರುಗಿಸಿ, ಸಾಕೆಂದು ಕಣ್ಣಲ್ಲೇ ಹೇಳಿದನು. ಅಲ್ಲಿಯೇ ನಾನು ಬೋಲ್ಟ್ ಬಿಗಿ ಮಾಡಿದೆನು. ಎಷ್ಟು ಡಿಗ್ರಿ ಎಂದು ಡೆಪ್ಯುಟಿಯವರು ಕೇಳಿದ್ದಕ್ಕೆ, ಅಳೆದಿಲ್ಲ, ಅಳೆಯುವುದೂ ಇಲ್ಲ ಎಂದು ತಿಳಿಸಿದೆನು.

ನಾಳೆ ಗಾಡಿಯನ್ನು ನಾನೇ ಓಡಿಸುತ್ತೇನೆ. ದೂರನ್ನು ಹಿಂದಕ್ಕೆ ಪಡೆದಿದ್ದೇನೆ.

ಮೇಲೆ ಬರೆಸಿದ್ದನ್ನು ನನಗೆ ಓದಿ ಹೇಳಲಾಗಿದೆ, ಇಂಜಿನ್ನಿನ ಸದ್ದಿನಲ್ಲಿ ಕೇಳಿಸಿದಷ್ಟೂ ನಿಜ.

ಸ್ಥಳ: ಬ್ರಷಿ ಫೋರ್ಕ್ ರಸ್ತೆಯ ಷೆಡ್ಡು
ದಿನಾಂಕ: 27 ಸೆಪ್ಟೆಂಬರ್ 1974, ಶುಕ್ರವಾರ
ಸಹಿ: ಹೋಬರ್ಟ್ ಟಿಲ್ಲಿ
ಸಾಕ್ಷಿ: ಡಾರೆಲ್ ಕಾಕರ್‌ಹ್ಯಾಮ್