ಸಾಹುಕಾರರ ಬಾಗಿಲು ದಾಟಿದ ಬಂಡಿ

ಕಲ್ಲುಗಣಿಗಳದೊಂದು ಊರು, ಆ ಗಣಿಗಳ ಒಡೆಯರಾಗಿ ಊರಿಗೆ ಹಿರಿಯರೆನಿಸಿದ ಒಬ್ಬ ಸಾಹುಕಾರರು. ತಾಯಿಯ ಹೆಸರಿನಲ್ಲಿ ಅವರೊಂದು ಆಸ್ಪತ್ರೆ ಕಟ್ಟಿಸಿದ್ದರು. ಜೊತೆಗೊಂದು ಕಟ್ಟಳೆಯನ್ನೂ ಮಾಡಿದ್ದರು: ಗಣಿಯಲ್ಲಿ ಯಾರಿಗೆ ಪೆಟ್ಟಾದರೂ ಮೊದಲು ಆ ಬಾಗಿಲಿಗೇ ತರಬೇಕು, ದಾಟಿ ಹೋದರೆ ತಾಯಿಗೆ ಅವಮಾನ.

ನೋಡಿ, ಉದ್ದೇಶ ಕೆಟ್ಟದ್ದೇ? ಅಲ್ಲ. ಆದರೆ ಅಲ್ಲಿ ಶಸ್ತ್ರವೈದ್ಯರಿರಲಿಲ್ಲ, ರಕ್ತದ ಸಂಗ್ರಹವಿರಲಿಲ್ಲ. ಇಳಿಸುವರು, ಪಟ್ಟಿ ಕಟ್ಟುವರು, ಮತ್ತೆ ಏರಿಸುವರು. ಜಿಲ್ಲಾ ಆಸ್ಪತ್ರೆ ಮುಟ್ಟುವುದರೊಳಗೆ ಜೀವ ಹೋಗಿರುತ್ತಿತ್ತು.

ಅಲ್ಲಿಯ ದಾದಿ ಮಹಾನಂದಾ ಹೀಗೆ ಸತ್ತ ಮೂವರನ್ನು ಕಂಡವಳು. ಮೂರನೆಯವನು ಹೋದ ದಿನ ಆಕೆಗೆ ಅನ್ನ ಸೇರಲಿಲ್ಲ. ಅಳುತ್ತ ಕುಳಿತಳೇ? ಇಲ್ಲ. ಬಿಡುವಿನ ವೇಳೆಯಲ್ಲಿ ಗಣಿಗೆ ನಡೆದಳು. ರಕ್ತ ಸೋರುವಲ್ಲಿ ಬಟ್ಟೆಯೊತ್ತಿ ಹಿಡಿಯುವುದನ್ನು, ಗಾಯಾಳು ಮಲಗಿದ ಹಲಗೆಯನ್ನು ನಾಲ್ವರು ಒಂದೇ ಮಾತಿಗೆ ಎತ್ತುವುದನ್ನು ಕೆಲಸಗಾರರಿಗೆ ಕಲಿಸಿದಳು. ಗಣಿಯ ಮೋಟಾರು ಬಂಡಿ ಹೊರಡುವ ಮೊದಲೇ ಜಿಲ್ಲಾ ಆಸ್ಪತ್ರೆಗೆ ಫೋನು ಮಾಡಲು ಒಬ್ಬನನ್ನು ಗೊತ್ತುಮಾಡಿದಳು.

ಸಾಹುಕಾರರು ನಕ್ಕರು. “ಗಾಯ ಆದವಗ ನೀರ ಕೊಡಬ್ಯಾಡ ಅಂತೀಯಂತಲ್ಲ, ನೀ ಎಂಥಾ ಹೆಣ್ಮಗಳವ್ವಾ?”

“ಆಪರೇಶನ್‌ಗೆ ಹೋಗಾಂವ್ರೀ ಸಾಹುಕಾರ್ರ. ಹೊಟ್ಟಿ ಖಾಲಿ ಇರಬೇಕ್ರಿ.”

ಒಂದು ಮುಂಜಾನೆ ಬಂಡೆ ಜಾರಿತು. ಕೆಳಗೆ ಸಿಕ್ಕಿದ್ದು ಗಣಿ ನೋಡಲು ಬಂದಿದ್ದ ಸಾಹುಕಾರರದೇ ತೊಡೆ! ಕೆಲಸಗಾರರು ಗದ್ದಲ ಮಾಡಲಿಲ್ಲ. ಒಬ್ಬ ಗಾಯವನ್ನು ಒತ್ತಿ ಹಿಡಿದ, ಒಬ್ಬ ಫೋನು ಮಾಡಿದ, ನಾಲ್ವರು ಹಲಗೆ ಎತ್ತಿದರು. ಸುದ್ದಿ ತಿಳಿದು ಓಡಿಬಂದ ಮಹಾನಂದಾ ಬಂಡಿಯೇರಿದಳು.

ತಾಯಿಯ ಆಸ್ಪತ್ರೆ ಕಂಡೊಡನೆ ಸಾಹುಕಾರರು ಕೂಗಿದರು: “ನಿಲ್ಲಸಲೇ ಮೈಬೂಸಾಬ! ನಮ್ಮವ್ವನ ಬಾಗಿಲು!”

ಅನ್ನವಿಕ್ಕಿದ ಧಣಿಯ ಮಾತು. ಚಾಲಕ ಮೈಬೂಸಾಬನ ಕಾಲು ಬ್ರೇಕಿನ ಮೇಲೆ ಹೋಯಿತು. ಮಹಾನಂದಾಳ ಕೈಯೊಳಗಿನ ಬಟ್ಟೆ ತೊಯ್ದು ಬೆಚ್ಚಗಾಗುತ್ತಿತ್ತು. ಇಲ್ಲಿ ಇಳಿಸಿದರೆ ಇವರು ನಾಲ್ಕನೆಯವರು. ಇಳಿಸದಿದ್ದರೆ ತನ್ನ ನೌಕರಿ ಇಂದೇ ಮುಗಿಯಿತು. ಆಕೆ ತಡಮಾಡಲಿಲ್ಲ.

“ಕಾಲ ಎತ್ತೋ ಅಣ್ಣಾ! ಬೈಗಳ ನಾ ತಿಂತೀನಿ, ನೀ ಬಂಡಿ ಹೊಡಿ!”

ಬಂಡಿ ದಾಟಿತು. ಜಿಲ್ಲಾ ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರು ಕಾದಿತ್ತು, ರಕ್ತ ಕಾದಿತ್ತು, ಕೈ ತೊಳೆದ ವೈದ್ಯರೂ ಕಾದಿದ್ದರು. ಸಾಹುಕಾರರ ಕಾಲು ಹೋಯಿತು, ಜೀವ ಉಳಿಯಿತು. ಎಚ್ಚರವಾದಾಗ ಅವರು ಕೇಳಿದ್ದು ಒಂದೇ ಮಾತು: “ಆ ಮೂರು ಮಂದೀನೂ... ಹಿಂಗ ಬಂದಿದ್ರ ಉಳೀತಿದ್ರೇನ?”

ಕಟ್ಟಳೆ ಅಂದೇ ರದ್ದಾಯಿತು.

ಮಹನೀಯರೇ, ತಾಯಂದಿರೇ! ಕಟ್ಟಡ ಕಟ್ಟಿದವರನ್ನು ನಾವು ಹೊಗಳುತ್ತೇವೆ, ಹೊಗಳೋಣ. ಆದರೆ ಗಾಯಗೊಂಡವನ ಮೈಯಿಂದ ವೈದ್ಯನ ಕೈವರೆಗೆ ದಾರಿ ಕಟ್ಟಿದ ಆ ಹೆಣ್ಣುಮಗಳು ಎಷ್ಟು ದೊಡ್ಡವಳು! ನೀವೇನು ಮಾಡುತ್ತೀರಿ? ರಸ್ತೆಯಲ್ಲಿ ಒಬ್ಬ ಬಿದ್ದರೆ ಸುತ್ತ ಮುತ್ತುತ್ತೀರಿ, ಎತ್ತಿ ಕೂರಿಸುತ್ತೀರಿ, ಬಾಯಿಗೆ ನೀರು ಹೊಯ್ಯುತ್ತೀರಿ. ಬಿಡಿ, ಇಂದಿನಿಂದಲೇ ಬಿಡಿ. ಗಾಯ ಒತ್ತಿ ಹಿಡಿಯಿರಿ, ಫೋನು ಮಾಡಿ, ಆಂಬುಲೆನ್ಸಿಗೆ ದಾರಿ ಕೊಡಿ. ಮತ್ತೆ ಮನೆಗೆ ಹೋದೊಡನೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮೂರಿನಲ್ಲಿ ಈಗ ಒಬ್ಬ ಬಿದ್ದರೆ, ಶಸ್ತ್ರವೈದ್ಯರು ಎಲ್ಲಿದ್ದಾರೆ? ಉತ್ತರ ಗೊತ್ತಿಲ್ಲದಿದ್ದರೆ ಇಂದು ಅದನ್ನು ತಿಳಿಯದೆ ಮಲಗಬೇಡಿ.