ಹೊನ್ನಾಳಿ ತನಕ ನಿಲ್ಸಾಕೆ ಆಗಲ್ಲ

ನಿಲ್ಸಾಕೆ ಆಗಲ್ಲ ಪ್ರಮೀಳಾ ಮೇಡಂ, ಆಗಲ್ಲ ಅಂದ್ರೆ ಆಗಲ್ಲ! ಹೌದ್ರಿ, ನೋಡ್ದೆ, ಸವಳಂಗ ಬಸ್ ಸ್ಟ್ಯಾಂಡೇ ಅದು. ನಿಮ್ಮ ನ್ಯಾಮತಿ ಬಸ್ಸೂ ನಿಂತಿತ್ತು. ಕಂಡಕ್ಟರ್ ನಿಮ್ಮನ್ನ ನೋಡಿ ಕೈ ಬೇರೆ ಮಾಡಿದ... ಹೋಯ್ತು ಬಿಡ್ರಿ, ಹಿಂದೆ ಹೋಯ್ತು! ಹಂಗೆ ನೋಡಬ್ಯಾಡ್ರಿ ನನ್ನ. ನಾನೇನು ನಿಮ್ಮನ್ನ ಹಾರಿಸ್ಕೊಂಡು ಹೋಗ್ತಾ ಇಲ್ಲ. ಷಣ್ಮುಖಪ್ಪ, ಐವತ್ತಾರು ವರ್ಷ, ಪಂಪ್‌ಸೆಟ್ ಮೋಟ್ರು ರಿವೈಂಡಿಂಗ್ ಅಂಗಡಿ ಇಟ್ಕೊಂಡಿರೋ ಮನುಷ್ಯ! ಇದೇನು ಹಾರಿಸ್ಕೊಂಡು ಹೋಗೋ ವಯಸ್ಸಾ?

ಯಾಕ್ರಿ ನಗ್ತೀರಿ?

ಇಲ್ಲಿ ನೋಡ್ರಿ, ಸ್ಟೇರಿಂಗ್ ಹಿಂದೆ, ಹಳದಿ ಲೈಟು. ಡಬ್ಬಿ ಚಿತ್ರ ಐತಲ್ಲ, ಒಳಗೆ ಚುಕ್ಕಿ ಚುಕ್ಕಿ... ಅದೇ! ಅದು ಉರೀತಾ ಐತೆ ಅಂದ್ರೆ ಫಿಲ್ಟರ್ ಕಟ್ಕೊಂಡೈತೆ ಅಂತ. ಡೀಸೆಲ್ ಗಾಡಿ ಅಲ್ವಾ, ಹೊಗೆ ಹೋಗೋ ಪೈಪಿನಾಗೆ ಒಂದು ಫಿಲ್ಟರ್ ಇಟ್ಟಿರ್ತಾರೆ. ಮಸಿ ಎಲ್ಲ ಅದರಾಗೆ ಕೂರ್ತೈತೆ. ಇಂಜಿನ್ ಚೆನ್ನಾಗಿ ಕಾದ್ರೆ ಆ ಮಸಿ ಸುಟ್ಟು ಬೂದಿ ಆಗ್ತೈತೆ, ಫಿಲ್ಟರ್ ಹಗುರ ಆಗ್ತೈತೆ. ಕಾಯಲಿಲ್ಲ ಅಂದ್ರೆ... ಕೂತಿದ್ದು ಅಲ್ಲೇ ಕೂರ್ತೈತೆ, ಅದರ ಮ್ಯಾಲೆ ಇನ್ನಷ್ಟು ಕೂರ್ತೈತೆ. ನಿಮ್ಮ ಕೊನೇ ಬೆಂಚಿನ ಹುಡುಗ್ರು ಇದ್ದಂಗೆ, ಏಳು ಅಂದ್ರೂ ಏಳಲ್ಲ!

ಹಾಂ, ಈಗ ನಕ್ರಿ ನೋಡ್ರಿ. ಬೆಳಗಿಂದ ಬರೀ ಅಳೋದೇ ಆಗಿತ್ತು ನಿಮ್ದು.

ಅದಕ್ಕೇ ನಮ್ಮ ಅಂಗಡಿ ಪಕ್ಕದ ಮೆಕ್ಯಾನಿಕ್ ಓಂಕಾರ ಹೇಳಿದ. ಅಣ್ಣಾ, ಅರವತ್ತರ ಮ್ಯಾಲೆ, ಎಲ್ಲೂ ನಿಲ್ಸದಂಗೆ, ಅರ್ಧ ಗಂಟೆ ಓಡ್ಸು. ಮಸಿ ಸುಟ್ಟು ಲೈಟು ತಾನೇ ಆರ್ತೈತೆ. ಮಧ್ಯ ನಿಲ್ಸಿದ್ಯೋ, ಎಲ್ಲ ಮೊದಲಿಂದ. ಇನ್ನೂ ಬಿಟ್ರೆ ಗಾಡಿ ನಲವತ್ತರ ಮ್ಯಾಲೆ ಏರಲ್ಲ, ಕಟ್ಟಿ ಎಳ್ಕೊಂಡು ಹೋಗಬೇಕು ಅಂದ. ಸವಳಂಗದಿಂದ ಹೊನ್ನಾಳಿ ಸರಿಯಾಗಿ ಅರ್ಧ ಗಂಟೆ. ನಿಮ್ಮ ನ್ಯಾಮತಿ ದಾರೀಲೇ ಐತೆ... ದಾರೀಲಿ ಐತೆ, ಆದ್ರೆ ಅಲ್ಲೂ ನಿಲ್ಸಾಕೆ ಆಗಲ್ಲ. ಹೊನ್ನಾಳಿ ಮುಟ್ಟಿ, ಲೈಟು ಆರಿಸ್ಕೊಂಡು, ವಾಪಸ್ ಬಂದು ನಿಮ್ಮ ಮನೆ ಬಾಗಿಲಿಗೇ ಬಿಡ್ತೀನಿ. ಶನಿವಾರ, ಮಧ್ಯಾಹ್ನಕ್ಕೇ ಸ್ಕೂಲ್ ಬಿಟ್ಟೈತೆ, ಏನು ಗಂಟು ಹೋಗ್ತೈತೆ?

ಅಯ್ಯೋ ಅಯ್ಯೋ ಅಯ್ಯೋ, ಹಿಡ್ಕೊಳ್ರಿ! ಮೆಕ್ಕೆಜೋಳ! ರೋಡಿನ ತುಂಬ ಹರವ್ಯಾರೆ ನೋಡ್ರಿ... ಏ ಯಜಮಾನ, ಸರಿ ಸ್ವಲ್ಪ!... ದಾಟಿದ್ವಿ. ಐವತ್ತೆಂಟು. ಅಡ್ಡಿ ಇಲ್ಲ, ಮತ್ತೆ ಏರಿಸ್ತೀನಿ.

ಆ ಗಡಿಯಾರ ಜಾರ್ತೈತೆ, ಹಿಂದಿನ ಸೀಟಿಗೆ ಇಡ್ರಿ. ಮೂರೂ ಗಡಿಯಾರನಾ! ಬೀಳ್ಕೊಡುಗೆಗೆ ಗಣಿತದ ಮೇಡಂಗೆ ಮೂರು ಗಡಿಯಾರ! ಎಸ್‌ಡಿಎಂಸಿಯೋರು ಒಂದು, ಹಳೇ ವಿದ್ಯಾರ್ಥಿಗಳು ಒಂದು, ಇದು ಯಾರ್ದು... ಹಾಲಿನ ಡೈರಿಯೋರ್ದಾ? ಹೊಸ ಮನೇಲಿ ಕೋಣೆಗೊಂದು ಹಾಕ್ಕೊಳ್ರಿ. ಟ್ರಾನ್ಸ್‌ಫರ್ ಆದ ಜಗಳೂರಾಗೆ ನಿಮ್ಮೊಬ್ರಿಗೆ ಸಾಕಾಗೋ ಮನೆ ಸಿಕ್ತಂತಲ್ಲ... ಸೋಮವಾರಕ್ಕೇ ಹಾಜರ್ ಆಗಬೇಕಾ?... ಸೋಮವಾರಕ್ಕೇ. ಹೂಂ.

ಏನ್ರಿ? ಎಂಥೋರ ಗಾಡಿಗೆ ಹಿಂಗಾಗ್ತೈತೆ ಅಂತನಾ? ಅದು... ಕೆಲವ್ರು ಇರ್ತಾರೆ. ಮನೆಯಿಂದ ತರಕಾರಿ ಅಂಗಡಿ, ತರಕಾರಿ ಅಂಗಡಿಯಿಂದ ಮನೆ. ಎರಡು ಕಿಲೋಮೀಟ್ರು ಓಡ್ಸೋದು, ಆಫ್ ಮಾಡೋದು. ಇಂಜಿನ್ ಬೆಚ್ಚಗೂ ಆಗಿರಲ್ಲ. ಅಂಥೋರ ಗಾಡಿಗೆ ಬರೋ ರೋಗ ಇದು. ಉದ್ದಕ್ಕೆ ಓಡ್ಸೋರ ಗಾಡಿಗೆ ಬರೋದೇ ಇಲ್ಲ, ದಿನಾ ತಾನೇ ಸ್ವಚ್ಛ ಆಗ್ತಾ ಇರ್ತೈತೆ!

...

ಏನು?

ನನ್ನ ಗಾಡಿಗೆ ಯಾಕೆ ಬಂತು ಅಂತನಾ?

ಅಲ್ಲ... ಒಳ್ಳೇ ಪ್ರಶ್ನೆನೇ. ನಾನು ದಿನಾ ಶಿಕಾರಿಪುರಕ್ಕೆ ಹೋಗೋನು. ಹೌದು. ನಾನೇ ಹೇಳಿದ್ದು. ಸವಳಂಗ ಬಸ್ ಸ್ಟ್ಯಾಂಡಾಗೆ ನೀವು ಇಳೀತಿದ್ರಿ, ನಿಮ್ಮ ಗುಡ್ಡದಹಳ್ಳಿ ಸ್ಕೂಲಿಗೆ ಎರಡೂವರೆ ಕಿಲೋಮೀಟ್ರು ನಡೀಬೇಕಿತ್ತು. ಶಿಕಾರಿಪುರದಾಗೆ ರೈಸ್‌ಮಿಲ್ ಮೋಟ್ರು ಕೆಲಸ ಹಿಡಿದೀನಿ, ಹೋಗೋ ದಾರೀಲೇ ಐತಲ್ರಿ, ಹತ್ರಿ ಅಂದೆ. ಸಂಜೆ ವಾಪಸ್ ಬರೋವಾಗ್ಲೂ ದಾರೀಲೇ... ಹಂಗೇ ಆತು ಎರಡು ವರ್ಷ. ಹೋಗಿ ಬರೋದು ಐವತ್ತು ಕಿಲೋಮೀಟ್ರು. ಐವತ್ತರ ಮ್ಯಾಲೆ ಇನ್ನೊಂದಿಷ್ಟು.

ಆದ್ರೂ ಕಟ್ಕೊಂಡೈತೆ ನೋಡ್ರಿ! ಆ ರೋಡೇ ಸರಿ ಇಲ್ಲ. ಗುಂಡಿ. ಗುಂಡಿಯಾಗೆ ಗಾಡಿ ಕಾಯಲ್ಲ. ನಾನು ನಿಧಾನ ಬೇರೆ ಓಡ್ಸೋದು... ಈಗ ಎಪ್ಪತ್ತೆರಡು ಐತೆ, ಹೌದು, ಈವತ್ತೊಂದಿನ. ಡೀಸೆಲ್ಲಿನಾಗೂ ಏನೋ ಕಲಬೆರಕೆ ಇರಬೇಕು.

ಮೂಗು ಯಾಕೆ ಮುಚ್ಕೊಂಡ್ರಿ? ಸುಟ್ಟ ವಾಸನೆನಾ? ಬಂತಾ! ಭಲೇ! ಅದೇ ರೀ, ಮಸಿ ಸುಡಾಕೆ ಹತ್ತೈತೆ! ಹೆದರ್ಕೋಬ್ಯಾಡ್ರಿ, ಬೆಂಕಿ ಅಲ್ಲ, ಗಾಜು ಇಳಿಸ್ರಿ ಒಂಚೂರು. ಆಹಾ... ಇಂಥ ವಾಸನೆಗೆ ಯಾರಾದ್ರೂ ಇಷ್ಟು ಖುಷಿ ಪಟ್ಟಿದ್ದು ನೋಡೀರಾ ನೀವು?

ಏನು ನೋಡ್ತಾ ಇದೀರಿ ಅಲ್ಲಿ, ಗಾಜಿನ ಮ್ಯಾಲೆ? ಅದಾ? ಓಂಕಾರ ಅಂಟಿಸಿರೋ ಚೀಟಿ, ಸರ್ವೀಸ್ ಮಾಡಿದ್ದು. ಓದಬ್ಯಾಡ್ರಿ, ಅವನ ಕೈಬರಹ ಅವನಿಗೇ ಓದಾಕೆ ಬರಲ್ಲ... ನಲವತ್ತೊಂದು ಸಾವಿರದ ಇನ್ನೂರು, ಜೂನ್ ತಿಂಗಳು. ಹೂಂ. ಸ್ಕೂಲ್ ಶುರುವಾದ ವಾರ. ಯಾಕ್ರಿ ಈ ಕಡೆ ಬಗ್ತೀರಿ? ಮೀಟ್ರಾ? ಮೀಟ್ರು ಯಾಕೆ? ನಲವತ್ತೆರಡು ಸಾವಿರದ ಮುನ್ನೂರು...

ಮೇಡಂ. ನೀವು ಮನಸ್ಸಿನಾಗೆ ಲೆಕ್ಕ ಮಾಡ್ತಾ ಇದೀರಿ. ತುಟಿ ಅಲ್ಲಾಡ್ತಾ ಐತೆ.

ಸಾವಿರದ ನೂರು. ಹೌದು. ಸ್ಕೂಲ್ ನಡೆದಿದ್ದು ಎಷ್ಟು ದಿನ? ದಸರಾ ರಜೆ ಕಳೀರಿ, ಭಾನುವಾರ ಕಳೀರಿ... ನೂರಾಹತ್ತು. ದಿನಕ್ಕೆ...

ಹೇಳಬ್ಯಾಡ್ರಿ. ನಾನೂ ಎಣಿಸೋನೇ. ಒಂದೊಂದು ಮೋಟ್ರಿಗೆ ಎಷ್ಟು ಸುತ್ತು ತಂತಿ ಅಂತ ಮೂವತ್ತು ವರ್ಷದಿಂದ ಎಣಿಸಿದೀನಿ. ದಿನಕ್ಕೆ ಹತ್ತು.

ಆ ಮೀಟ್ರು ಕೆಟ್ಟಿರಬೇಕು!

ನಗ್ರಿ, ನಗ್ರಿ. ನಿಮ್ಮ ನಗು ಚಂದ ಐತೆ... ಅಂದ್ರೆ, ನಗೋದು ಆರೋಗ್ಯಕ್ಕೆ ಒಳ್ಳೇದು ಅಂದೆ. ಓ ನ್ಯಾಮತಿ ಬಂತು! ಹಂಪು, ಹಂಪು... ನಿಧಾನ ಆದ್ರೂ ಪರವಾಗಿಲ್ಲ, ಇಂಜಿನ್ ಆಫ್ ಆಗಬಾರ್ದು, ಅಷ್ಟೇ. ಅಗೋ ನಿಮ್ಮ ಬೀದಿ. ನಿಮ್ಮ ಮನೆ ಎದುರಿನ ಅನ್ನಪೂರ್ಣಮ್ಮ ಕಟ್ಟೆ ಮ್ಯಾಲೆ ಕೂತಾರೆ, ಬಾಯಿ ಬಿಟ್ಕೊಂಡು ನೋಡ್ತಾ ಇದಾರೆ. ಕೈ ಮಾಡ್ರಿ ಮೇಡಂ, ಕೈ ಮಾಡ್ರಿ! ಸೋಮವಾರದಿಂದ ಹೆಂಗಿದ್ರೂ ನೀವು ಈ ಊರಾಗೆ ಇರಲ್ಲ, ಏನು ಬೇಕಾದ್ರೂ ಅನ್ಕೊಳ್ಳಲಿ!

ಇಂಜಿನ್ ಆಫ್ ಮಾಡದೇ ಇಲ್ಲೇ ಇಳಿಸಬಹುದಿತ್ತಾ?... ಇಳಿಸಬಹುದಿತ್ತು ಅನ್ಸುತ್ತೆ. ಈಗ ಹೊಳೀತು. ಊರು ದಾಟಿಬಿಟ್ವಲ್ಲ.

...

ಮಾತಾಡ್ರಿ. ನೀವು ಮಾತಾಡ್ಲಿಲ್ಲ ಅಂದ್ರೆ ನಾನು ಇನ್ನೂ ಜಾಸ್ತಿ ಮಾತಾಡ್ತೀನಿ, ನನ್ನ ಬುದ್ಧಿನೇ ಹಂಗೆ. ಈ ಗಾಡಿ ತಗೊಂಡ ಕತೆ ಹೇಳಿದೀನಾ? ಹಳೇ ಗಾಡಿ ಮಾರೋನು ಕೇಳಿದ, ಅಣ್ಣಾ ದಿನಕ್ಕೆ ಎಷ್ಟು ಓಡ್ತೀಯ ಅಂತ. ನಾನು ಐವತ್ತು ಕಿಲೋಮೀಟ್ರು ಅಂದೆ. ಎದುರಿಗೆ ನಮ್ಮೂರೋರು ನಿಂತಿದ್ರಲ್ಲ, ಅವರಿಗೊಂದು ಹೇಳಿ ನಾಳೆ ನಿಮಗೊಂದು ಹೇಳಾಕೆ ಆಗ್ತೈತಾ? ಹಂಗಾದ್ರೆ ಡೀಸೆಲ್ಲೇ ತಗೊ ಅಂದ. ಅವತ್ತು ಬಾಯಿ ಬಿಟ್ಟು ಹತ್ತು ಅಂದಿದ್ರೆ ಪೆಟ್ರೋಲ್ ಗಾಡಿ ಕೊಡ್ತಿದ್ದ, ಈ ಫಿಲ್ಟರ್ ಗೋಳೇ ಇರ್ತಿರ್ಲಿಲ್ಲ! ಅಂಗಡಿ ಕೆಲಸಕ್ಕೆಲ್ಲ ಈಗ್ಲೂ ಮೊಪೆಡ್ಡೇ. ಮೊಪೆಡ್ ಹಿಂದೆ ಕೂರ್ರಿ ಅಂತ ಮೇಡಮ್ಮೋರನ್ನ ಹೆಂಗೆ ಕರೆಯೋದು? ಊರು ಸುಮ್ನಿರ್ತೈತಾ? ಕಾರಾದ್ರೆ ಮರ್ಯಾದೆ ಅಂತ...

ಏನಂದೆ ನಾನು ಈಗ?

ಇಲ್ರಿ, ನಾನು ಹೇಳಿದ್ದು ಹಂಗಲ್ಲ. ಕಾರು ಬೇರೆ ಕೆಲಸಕ್ಕೂ ಬೇಕಿತ್ತು... ಯಾವ ಕೆಲಸ ಅಂತ ಈಗ ನೆನಪಾಗ್ತಿಲ್ಲ.

ಆರಿತು! ಮೇಡಂ, ಆರಿತು! ಲೈಟು! ನೋಡ್ರಿ ನೋಡ್ರಿ, ಇಲ್ಲ, ಹೋಯ್ತು, ಹಳದಿನೇ ಇಲ್ಲ! ಅಬ್ಬಬ್ಬಾ! ಗಾಡಿ ಹೆಂಗೆ ಹಾರ್ತೈತೆ ನೋಡ್ರಿ, ಕರು ಹಗ್ಗ ಬಿಚ್ಚಿದಂಗೆ! ಚಪ್ಪಾಳೆ ಹೊಡೀರಿ... ನಿಜವಾಗ್ಲೂ ಹೊಡೆದ್ರಿ! ಇಪ್ಪತ್ತು ದಿನದಿಂದ ಉರೀತಿದ್ದ ಲೈಟು ರೀ, ಇಪ್ಪತ್ತು...

...

ಹೂಂ. ಇಪ್ಪತ್ತು ದಿನ.

ಓಂಕಾರ ಹೇಳಿದ್ದು ಅವತ್ತೇ. ಒಬ್ನೇ ಬಂದು ಓಡಿಸ್ಕೊಂಡು ಹೋಗಬಹುದಿತ್ತಲ್ಲ ಅಂತ ಕೇಳ್ತೀರಾ? ಬರಬಹುದಿತ್ತು. ದಿನಾ ಬೈತಿದ್ದ ಅವನು. ನಿಮ್ಮ ಟ್ರಾನ್ಸ್‌ಫರ್ ಆರ್ಡರ್ ಬಂದಿದ್ದೂ ಅದೇ ವಾರ... ಸ್ವಲ್ಪ ತಡೀರಿ, ಗಾಡಿ ಪಕ್ಕಕ್ಕೆ ಹಾಕ್ತೀನಿ. ಅಗೋ ಹೊನ್ನಾಳಿ ಕಾಣ್ತೈತೆ. ಇನ್ನು ನಿಲ್ಸಬಹುದು. ಈ ಹುಣಸೇಮರದ ಕೆಳಗೆ ನೆರಳೈತೆ.

ಫ್ಯಾನ್ ಸದ್ದು ಮಾಡ್ತಾನೇ ಐತೆ ನೋಡ್ರಿ. ಕಾದೈತಲ್ಲ.

ಓಂಕಾರ ಇನ್ನೊಂದು ಮಾತೂ ಹೇಳ್ಯಾನೆ. ಇನ್ನು ಮ್ಯಾಲೆ ವಾರಕ್ಕೊಂದು ಸಲ ಗಾಡಿನ ಉದ್ದಕ್ಕೆ ಓಡಿಸ್ಲೇಬೇಕಂತೆ. ನಾನು ಯೋಚನೆ ಮಾಡ್ದೆ, ಎಲ್ಲಿಗೆ ಹೋಗೋದು? ಸವಳಂಗದಿಂದ ಜಗಳೂರು ನೂರು ಕಿಲೋಮೀಟ್ರಿಗೆ ಮೋಸ ಇಲ್ಲ. ಫಿಲ್ಟರಿಗೆ ಅಳತೆ ಕೊಟ್ಟು ಮಾಡಿಸಿದಂಗೈತೆ! ಭಾನುವಾರ ಬೆಳಿಗ್ಗೆ ಹೊರಟು, ಜಗಳೂರು ಮುಟ್ಟಿ, ಅಲ್ಲೇ ಎಲ್ಲಾದ್ರೂ ಒಂದು ಟೀ ಕುಡಿದು ವಾಪಸ್. ನಿಮಗೆ ಪುರುಸೊತ್ತಿದ್ರೆ ನೀವೂ ಒಂದು ಟೀ... ಗಾಡಿಗೆ ಒಳ್ಳೇದು ಅಂತ, ಅಷ್ಟೇ.

ಮೇಡಂ?

ಕಿಟಕಿ ಕಡೆ ಯಾಕೆ ತಿರುಗಿದ್ರಿ?

ಬೇಜಾರಾತಾ? ಬೈರಿ ಬೇಕಾದ್ರೆ. ಏನಾದ್ರೂ ಒಂದು ಅನ್ರಿ.

ಗಾಡಿಗಲ್ಲ ರೀ.

ಗಾಡಿಗೆ ಅಂತ ಅಲ್ಲ. ಶಿಕಾರಿಪುರದಾಗೆ ನನಗೆ ಯಾವ ಕೆಲಸನೂ ಇಲ್ಲ, ಯಾವ ರೈಸ್‌ಮಿಲ್ಲೂ ಇಲ್ಲ. ಯಾವತ್ತೂ ಇರ್ಲಿಲ್ಲ. ನಿಮ್ಮನ್ನ ಸ್ಕೂಲ್ ಗೇಟಿಗೆ ಬಿಟ್ಟು, ನೀವು ಒಳಗೆ ಹೋಗೋ ತನಕ ನಿಂತು, ಮುಂದೆ ನೀರಿನ ಟ್ಯಾಂಕ್ ಹತ್ರ ಗಾಡಿ ತಿರುಗಿಸ್ಕೊಂಡು ಸವಳಂಗಕ್ಕೆ ವಾಪಸ್. ಸಂಜೆ ಮತ್ತೆ ಅಲ್ಲಿಗೇ ಬಂದು, ಶಿಕಾರಿಪುರ ಕಡೆಯಿಂದ ಬಂದೋನ ಹಂಗೆ ಗಾಡಿ ನಿಲ್ಸೋದು. ಒಂದಿನ ಪೇಡಾ ಕೊಟ್ಟೆನಲ್ಲ ಶಿಕಾರಿಪುರದ್ದು ಅಂತ? ನಮ್ಮ ಬಸ್ ಸ್ಟ್ಯಾಂಡಿಂದು. ಮನೆಯವ್ರು ತೀರ್ಕೊಂಡು ಏಳು ವರ್ಷ ಆತು. ಮಗಳು ಗಂಡನ ಮನೇಲಿ ಚೆನ್ನಾಗವಳೆ. ನಾನೂ ಚೆನ್ನಾಗೇ ಇದ್ದೆ, ಉಂಡ್ಕೊಂಡು, ತಂತಿ ಸುತ್ಕೊಂಡು. ಆದ್ರೆ ಆ ಎರಡೂವರೆ ಕಿಲೋಮೀಟ್ರು ಇತ್ತಲ್ಲ... ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ದಿನದಾಗೆ ನಾನು ಬದುಕಿದ್ದೇ ಆ ಹತ್ತು ನಿಮಿಷ ರೀ. ನಿಮ್ಮ ಹುಡುಗ್ರ ಕತೆ ಹೇಳ್ತಿದ್ರಿ, ನಗ್ತಿದ್ರಿ, ಇಳಿಯೋವಾಗ ಬಾಗಿಲು ಮೆಲ್ಲಗೆ ಹಾಕ್ತಿದ್ರಿ. ಕೊನೇ ದಿನಕ್ಕೆ ನಿಮ್ಮ ಜತೆ ಒಂದು ಅರ್ಧ ಗಂಟೆ ಉಳೀಲಿ, ಫಿಲ್ಟರ್ ಹಾಳಾದ್ರೆ ಆಗ್ಲಿ ಅಂತ ಬಿಟ್ಟೆ.

ಇಷ್ಟೇ. ಇನ್ನೇನೂ ಮುಚ್ಚಿಟ್ಟಿಲ್ಲ.

...

ನೀವು... ಬೆರಗಾಗ್ತಾನೇ ಇಲ್ವಲ್ಲ.

ಯಾಕ್ರಿ ಬೆರಗಾಗ್ತಿಲ್ಲ ನೀವು? ಇಷ್ಟು ದೊಡ್ಡ ಸುಳ್ಳು ಒಪ್ಕೊಂಡೀನಿ, ಮುಖದಾಗೆ ಒಂದು ಗೆರೆ ಅಲ್ಲಾಡ್ಲಿಲ್ಲ! ಒಂದ್ನಿಮಿಷ, ಒಂದ್ನಿಮಿಷ... ನಿಮ್ಮ ಒಂಬತ್ತನೇ ಕ್ಲಾಸಿನ ರೂಮು ಯಾವ ಕಡೆ ಐತೆ? ರೋಡಿನ ಕಡೆನಾ? ಕಿಟಕಿ... ಆ ಕಿಟಕಿಯಿಂದ ನೀರಿನ ಟ್ಯಾಂಕ್ ಕಾಣ್ತೈತಾ?

ದಿನಾನಾ?!

ಎರಡು ವರ್ಷದಿಂದ? ನಾನು ಗಾಡಿ ತಿರುಗಿಸೋದನ್ನ ನೋಡ್ತಾ... ಮತ್ತೆ ಸಂಜೆ ಹತ್ತಿ ಕೂತು, ಶಿಕಾರಿಪುರದಾಗೆ ಮಳೆ ಬಂತಾ ಅಂತ ಕೇಳ್ತಿದ್ರಲ್ಲ ರೀ! ನಾನು ಬಂತು ಅಂತಿದ್ದೆ! ಬಟ್ಟೆ ಒದ್ದೆ ಆತು ಅಂತಿದ್ದೆ!

ಅಯ್ಯಯ್ಯೋ... ನಗಬ್ಯಾಡ್ರಿ. ನನಗೂ ನಗು ಬರ್ತೈತೆ. ಕಣ್ಣೀರು ಒರೆಸ್ಕೊಳ್ರಿ, ದಾರೀಲಿ ಹೋಗೋರು ನಾನೇ ಅಳಿಸಿದೀನಿ ಅಂತಾರೆ.

ಏನಂದ್ರಿ? ಭಾನುವಾರ ಟೀ ಬ್ಯಾಡ್ವಾ?

ಹೂಂ... ಬ್ಯಾಡ ಬಿಡ್ರಿ. ಸರಿ. ನಾನು ಸುಮ್ಮನೆ ಕೇಳ್ದೆ. ನೀವು ಅಂದಿದ್ದೇ ಸರಿ, ಹೊಸ ಊರು, ಹೊಸ ಜನ...

ಆಂ?

ತಿಂಡಿಗಾ? ಮನೆಗೇ? ಒಂಬತ್ತಕ್ಕಾ, ಒಂಬತ್ತಕ್ಕೆ ತಡ ಆಗಲ್ವೇನ್ರಿ, ಎಂಟಕ್ಕೇ ಬರ್ತೀನಿ! ಐದಕ್ಕೇ ಹೊರಡ್ತೀನಿ! ಮಂಡಕ್ಕಿ ಒಗ್ಗರಣೆ ಆದ್ರೂ ಸೈ, ಉಪ್ಪಿಟ್ಟಾದ್ರೂ ಸೈ ರೀ... ಏನು, ಇನ್ನೊಂದು ಸಲ ಹೇಳ್ರಿ, ಫ್ಯಾನ್ ಸದ್ದಿಗೆ ಕೇಳಿಸ್ಲಿಲ್ಲ. ಕೇಳಿಸ್ತು, ಆದ್ರೂ ಇನ್ನೊಂದು ಸಲ ಹೇಳ್ರಿ.